ಕೈಲಿರೋದನ್ನ ಕೆಳಗಿಟ್ಟು ನೋಡಿ: ಬೆಲ್ಲಿ ಡ್ಯಾನ್ಸ್ ಪ್ರಾಪ್‌ಗಳ ಒಂದು ಪಾಠ



ಫೆಸ್ಟ್ ಹತ್ತಿರ ಬಂತು ಅಂದ್ರೆ ಡ್ಯಾನ್ಸ್ ಟೀಮುಗಳಲ್ಲಿ ಹಾಡಿಗಿಂತ ಮೊದಲು ಶುರುವಾಗೋ ಚರ್ಚೆ ಒಂದೇ: "ಕೈಲಿ ಏನ್ ಹಿಡ್ಕೊಳ್ಳೋಣ?" ಕೊಡೆ, ದೀಪ, ಕೋಲು, ಬಣ್ಣದ ಬಟ್ಟೆ, ಹೀಗೆ ಪಟ್ಟಿ ಬೆಳೆಯುತ್ತೆ. ಹಿಡ್ಕೊಂಡ ಮೇಲೆ ಅದನ್ನ ಏನು ಮಾಡೋದು ಅನ್ನೋ ಪ್ರಶ್ನೆ ಬರೋದು ಮಾತ್ರ ಕೊನೆಯ ವಾರದಲ್ಲಿ. ಈ ಸಂಚಿಕೆಯ ಕಲಿಕೆಯ ಬರಹಕ್ಕೆ ನಾವು ಬೆಲ್ಲಿ ಡ್ಯಾನ್ಸ್ ಆರಿಸಿಕೊಂಡಿದ್ದೇವೆ. ತಾಳ, ಬಟ್ಟೆ, ಕೋಲು, ಕತ್ತಿ, ದೀಪ ಎಲ್ಲವೂ ಇರುವ ನೃತ್ಯ ಅದು. ಅದರಲ್ಲಿ ಕಲಿತದ್ದು ಬೇರೆ ನೃತ್ಯಕ್ಕೂ ನಾಟಕಕ್ಕೂ ಉಪಯೋಗಕ್ಕೆ ಬರುತ್ತೆ. ಜೊತೆಗೆ ನಮ್ಮ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಪಾಠವೂ ಒಮ್ಮೆ ರಿವಿಷನ್ ಆಗುತ್ತೆ!

ಮೊದಲು ಹೆಸರಿನ ವಿಷಯ

ಈಜಿಪ್ಟಿನಲ್ಲಿ ಈ ನೃತ್ಯದ ವೇದಿಕೆಯ ರೂಪಕ್ಕೆ ರಕ್ಸ್ ಶರ್ಕಿ ಅಂತಾರೆ. "ಪೂರ್ವದ ನೃತ್ಯ" ಎಂದರ್ಥ. "ಹೊಟ್ಟೆಯ ನೃತ್ಯ" ಅನ್ನೋ ಹೆಸರು ಮೊದಲು ಫ್ರೆಂಚರು ಕೊಟ್ಟದ್ದು. ಅಮೆರಿಕದಲ್ಲಿ ಅದು ಮನೆಮಾತಾದದ್ದು 1893ರ ಶಿಕಾಗೋ ವಿಶ್ವ ಮೇಳದ ನಂತರ. ಆ ಹೆಸರಿನ ಜೊತೆಗೆ ಒಂದು ಬಗೆಯ ಕೀಟಲೆಯ ನಗುವೂ ಅಂಟಿಕೊಂಡಿತು. ಇವತ್ತಿಗೂ "ಬೆಲ್ಲಿ ಡ್ಯಾನ್ಸ್" ಅಂದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ನಗು ಕೇಳುತ್ತೆ, ಅಲ್ವಾ? ಆ ನಗುವಿಗೂ ನಾವು ಕೈಲಿ ಹಿಡಿಯೋ ವಸ್ತುವಿಗೂ ಸಂಬಂಧ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಈ ನೃತ್ಯದ ಜೀವಾಳ ದೇಹದ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಚಲಿಸೋದು. ಸೊಂಟ ಎಂಟರ ಆಕಾರ ಬರೆಯುವಾಗ ಭುಜ ಅಲುಗಬಾರದು. ಎದೆ ವೃತ್ತ ಸುತ್ತುವಾಗ ಕಾಲು ನಿಂತಲ್ಲೇ ಇರಬೇಕು. ವಿಮರ್ಶಕ ಎಡ್ವರ್ಡ್ ಸೈದ್ ಹುಡುಗನಾಗಿದ್ದಾಗ ಕೈರೋದಲ್ಲಿ ತಹಿಯಾ ಕರಿಯೋಕಾ ಎಂಬ ಪ್ರಸಿದ್ಧ ನರ್ತಕಿಯನ್ನು ನೋಡಿದ್ದರು. 1990ರಲ್ಲಿ ಆಕೆಯ ಬಗ್ಗೆ ಒಂದು ಪ್ರಬಂಧ ಬರೆದರು. ಈ ಕಲೆಯ ಹೆಚ್ಚುಗಾರಿಕೆ ಇರೋದು ನರ್ತಕಿ ಎಷ್ಟು ಚಲಿಸುತ್ತಾಳೆ ಅನ್ನೋದರಲ್ಲಲ್ಲ, ಎಷ್ಟು ಕಡಿಮೆ ಚಲಿಸುತ್ತಾಳೆ ಅನ್ನೋದರಲ್ಲಿ ಎಂಬುದು ಅದರಲ್ಲಿ ಅವರು ಹೇಳಿದ ಮುಖ್ಯ ಮಾತು.

ಹಾಗಿದ್ರೆ ಪ್ರಾಪ್ ಯಾಕೆ? ಬರಿಗೈಯಲ್ಲಿ ಇಷ್ಟು ಸಾಧ್ಯವಿದ್ದರೆ ಕೈಗೆ ಬರೋ ಪ್ರತಿ ವಸ್ತುವೂ ತನ್ನ ಬಾಡಿಗೆ ತಾನೇ ಕಟ್ಟಬೇಕು. ನಾವು ಒಂದು ಸರಳ ಪರೀಕ್ಷೆ ಇಟ್ಟುಕೊಳ್ಳೋಣ: ಇದನ್ನು ಕೆಳಗಿಟ್ಟು ಅದೇ ನೃತ್ಯ ಮಾಡಿದರೆ ಏನು ಕಳೆದುಹೋಗುತ್ತೆ? ಏನೂ ಇಲ್ಲ ಅಂತಾದರೆ ಅದು ಬೇಡ. ಏನೋ ಕಳೆಯುತ್ತೆ ಅಂತಾದರೆ ಅದು ನಾಲ್ಕರಲ್ಲಿ ಒಂದಾಗಿರುತ್ತೆ: ಸದ್ದು, ಗಾಳಿಯಲ್ಲಿ ಮೂಡೋ ಆಕಾರ, ಕಥೆ, ಇಲ್ಲವೇ ತೂಕ ಹೊತ್ತ ಸ್ಥಿರತೆ. ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ.

1. ಸದ್ದು: ಸಗಾತ್

ಬೆರಳಿಗೆ ಕಟ್ಟೋ ಪುಟ್ಟ ಹಿತ್ತಾಳೆ ತಾಳಗಳಿಗೆ ಈಜಿಪ್ಟಿನಲ್ಲಿ ಸಗಾತ್, ಟರ್ಕಿಯಲ್ಲಿ ಜಿಲ್ ಅಂತಾರೆ. ಒಟ್ಟು ನಾಲ್ಕು ಬಿಲ್ಲೆ. ಪ್ರತಿ ಕೈಯ ಹೆಬ್ಬೆರಳಿಗೆ ಒಂದು, ಮಧ್ಯದ ಬೆರಳಿಗೆ ಒಂದು. ಇಲ್ಲಿ ನರ್ತಕಿಯೇ ವಾದ್ಯಗಾರ್ತಿಯೂ ಆಗುತ್ತಾಳೆ. ಕೆಳಗಿಟ್ಟರೆ ಸಂಗೀತದ ಒಂದು ಪದರವೇ ಹೋಗುತ್ತೆ, ಹಾಗಾಗಿ ಪರೀಕ್ಷೆ ಪಾಸು.

ಆರಿಸೋದು ಹೇಗೆ? ದೊಡ್ಡ ಬಿಲ್ಲೆಯ ಸದ್ದು ತಗ್ಗಿನದ್ದು, ಹೆಚ್ಚು ಹೊತ್ತು ಮೊಳಗುತ್ತೆ. ಚಿಕ್ಕದರದ್ದು ಏರಿದ್ದು, ಬೇಗ ಆರುತ್ತೆ. ಕೊಳ್ಳುವ ಮುಂಚೆ ಎರಡೂ ಜೋಡಿ ಬಾರಿಸಿ ಕೇಳಿ. "ಟಿಂಗ್" ಅನ್ನದೆ ತಗಡಿನ ಹಾಗೆ "ಟಕ್" ಅಂದ್ರೆ ಅದು ಬರೀ ಅಲಂಕಾರದ ಮಾಲು. ಎಲಾಸ್ಟಿಕ್ಕನ್ನು ಉಗುರಿನ ಬುಡ ಮತ್ತು ಮೊದಲ ಗೆಣ್ಣಿನ ನಡುವೆ ಬಿಗಿಯಾಗಿ ಕೂರಿಸಿ. ಕೈ ಒದರಿದರೂ ಜಾರಬಾರದು, ಬೆರಳು ನೀಲಿಯೂ ಆಗಬಾರದು.

ಅಂಚಿಗೆ ಅಂಚು ತಾಗಿಸಿ ತಕ್ಷಣ ಬಿಟ್ಟರೆ ತೆರೆದ ನಾದ. ಪೂರ್ತಿ ಮುಚ್ಚಿ ಒತ್ತಿದರೆ ಮುಚ್ಚಿದ ಸದ್ದು. ಮೊದಲ ಪಾಠ ಬಲ-ಎಡ-ಬಲ, ಸ್ವಲ್ಪ ಬಿಡುವು, ಮತ್ತೆ ಬಲ-ಎಡ-ಬಲ. ಕುದುರೆ ಓಟದ ಹಾಗೆ ಕೇಳುತ್ತೆ. ಮೊದಲು ಕೂತು ನುಡಿಸಿ, ಆಮೇಲೆ ನಡೀತಾ, ಆಮೇಲೆ ಸೊಂಟ ಆಡಿಸ್ತಾ. ಈ ಕ್ರಮ ತಪ್ಪಿಸಬೇಡಿ. ಕೈ ಒಂದು ಲಯ, ಸೊಂಟ ಇನ್ನೊಂದು ಲಯ ಹಿಡಿಯಬೇಕಾದಾಗ ಕೈಯ ಕೆಲಸ ಯೋಚನೆ ಇಲ್ಲದೆ ಆಗುವಷ್ಟು ರೂಢಿಯಾಗಿರಬೇಕು.

ಒಂದು ಎಚ್ಚರಿಕೆ: ಫೆಸ್ಟ್ ಸ್ಪೀಕರಿನ ಆರ್ಭಟದಲ್ಲಿ ಸಗಾತ್ ಕೇಳಿಸೋದೇ ಇಲ್ಲ. ಹಾಡು ತಗ್ಗುವ ಜಾಗಗಳನ್ನು ಹುಡುಕಿ ಅಲ್ಲಿ ನುಡಿಸಿ, ಉಳಿದ ಕಡೆ ಸುಮ್ಮನಿರಿ. ಎಲ್ಲ ಕಡೆ ಬಾರಿಸಿದರೆ ಕೇಳೋರಿಗೆ ಪಾತ್ರೆ ತೊಳೆದ ಹಾಗೆ ಕೇಳುತ್ತೆ.

2. ಆಕಾರ: ವೇಲ್

ತೆಳುವಾದ ಉದ್ದನೆಯ ಬಟ್ಟೆ. 1940ರ ದಶಕದ ಈಜಿಪ್ಟಿನ ಸಿನಿಮಾ ತಾರೆ ಸಾಮಿಯಾ ಗಮಾಲ್ ಹೆಸರು ಇದರ ಜೊತೆ ಸೇರಿಕೊಂಡಿದೆ. ಈಜಿಪ್ಟಿನ ಶೈಲಿಯಲ್ಲಿ ಸಾಮಾನ್ಯವಾಗಿ ನರ್ತಕಿ ವೇಲ್ ಹಿಡಿದು ಪ್ರವೇಶಿಸಿ, ಒಂದೆರಡು ಸುತ್ತು ಹಾಕಿ, ಅದನ್ನು ಬಿಟ್ಟುಬಿಡುತ್ತಾಳೆ. ಹಾಡಿಡೀ ವೇಲ್ ಜೊತೆಗೇ ಕುಣಿಯೋ ಪದ್ಧತಿ ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ.

ಈಗ ಲೆಕ್ಕ. ರೇಷ್ಮೆ ಬಟ್ಟೆಯ ತೂಕವನ್ನು ಮೊಮ್ಮೆ ಎಂಬ ಮಾನದಲ್ಲಿ ಹೇಳ್ತಾರೆ. 1 ಮೊಮ್ಮೆ ಅಂದ್ರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. ಸಾಮಾನ್ಯ ವೇಲ್ 3 ಗಜ ಉದ್ದ, 45 ಇಂಚು ಅಗಲ, ಅಂದರೆ ಸುಮಾರು 3.1 ಚದರ ಮೀಟರ್. 5 ಮೊಮ್ಮೆ ರೇಷ್ಮೆಯಾದರೆ ಇಡೀ ವೇಲ್ ತೂಗೋದು 68 ಗ್ರಾಂ. 8 ಮೊಮ್ಮೆಯಾದರೆ 109 ಗ್ರಾಂ. ವ್ಯತ್ಯಾಸ 40 ಗ್ರಾಂ ತಾನೇ ಅನ್ನಬೇಡಿ. ಗಾಳಿಯಲ್ಲಿ ಬೀಳೋ ಹಾಳೆಯ ಗರಿಷ್ಠ ವೇಗ, ಚದರ ಮೀಟರಿನ ತೂಕದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ. 8ನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.26. ಅಂದ್ರೆ ಒರಟು ಲೆಕ್ಕದಲ್ಲಿ ಭಾರದ ವೇಲ್ ಕಾಲು ಭಾಗ ಹೆಚ್ಚು ವೇಗವಾಗಿ ಇಳಿಯುತ್ತೆ. ನಿಧಾನದ ಹಾಡಿಗೆ 5, ಚುರುಕಿನ ಹಾಡಿಗೆ 8 ಅಂತ ಆರಿಸೋಕೆ ಕಾರಣ ಇದೇ. ಪಾಲಿಯೆಸ್ಟರ್ ಶಿಫಾನ್ ಅಗ್ಗ, ಆದರೆ ಹೆಚ್ಚು ಭಾರ. ಮೈಗೆ ಅಂಟಿಕೊಳ್ಳೋ ಚಾಳಿಯೂ ಉಂಟು. ಅಭ್ಯಾಸಕ್ಕೆ ಅದು ಸಾಕು, ಪ್ರದರ್ಶನಕ್ಕೆ ಸಾಲ ಮಾಡಿಯಾದರೂ ರೇಷ್ಮೆ ತನ್ನಿ!

ಉದ್ದ ಅಳೆಯೋಕೆ ತೋಳು ಚಾಚಿ ನಿಲ್ಲಿ. ಎರಡೂ ಬೆರಳ ತುದಿಯಿಂದ ಒಂದು ಮೊಳದ ಆಸುಪಾಸು ಬಟ್ಟೆ ಹೆಚ್ಚಿರಬೇಕು. ಅಂಚನ್ನು ಮುಷ್ಟಿಯಲ್ಲಿ ಹಿಡಿಯಬೇಡಿ; ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಸಿಕ್ಕಿಸಿಕೊಳ್ಳಿ, ಆಗ ಬಿಡೋದೂ ಸುಲಭ. ವೇಲ್ ಹಾರೋದು ಕೈ ಎಳೆದದ್ದರಿಂದಲ್ಲ, ಬಟ್ಟೆಯ ಕೆಳಗೆ ಗಾಳಿ ತುಂಬಿಕೊಂಡಿದ್ದರಿಂದ. ಅದಕ್ಕೇ ಚಲನೆ ನಿಂತರೆ ಬಟ್ಟೆ ಕುಸಿಯುತ್ತೆ, ಮುಖಕ್ಕೆ ಸುತ್ತಿಕೊಳ್ಳುತ್ತೆ. ಸೀಲಿಂಗ್ ಫ್ಯಾನ್, ಎಸಿ ಗಾಳಿ ಎಲ್ಲಿಂದ ಬರುತ್ತೆ ಅಂತ ರಿಹರ್ಸಲ್ ದಿನವೇ ನೋಡಿಕೊಳ್ಳಿ. ರೂಮಲ್ಲಿ ಸರಿಯಿದ್ದ ವೇಲ್ ಆಡಿಟೋರಿಯಮ್ಮಿನಲ್ಲಿ ಬೇರೆಯದೇ ದಿಕ್ಕಿಗೆ ಹೋದೀತು.

ಇದರ ದೊಡ್ಡಣ್ಣ ಐಸಿಸ್ ರೆಕ್ಕೆ: ನೆರಿಗೆ ಹಿಡಿದ ಮಿಂಚಿನ ಬಟ್ಟೆ, ಒಳಗೆ ಕಡ್ಡಿಗಳು. ಹೆಸರು ಪ್ರಾಚೀನ ದೇವತೆಯದ್ದಾದರೂ ವಸ್ತು ಇತ್ತೀಚಿನದು. ಬಟ್ಟೆಯೊಳಗೆ ಕಡ್ಡಿ ಇಟ್ಟು ತೋಳನ್ನು ಉದ್ದ ಮಾಡಿಕೊಳ್ಳೋ ಉಪಾಯಕ್ಕೆ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಅಮೆರಿಕದ ನರ್ತಕಿ ಲೋಯಿ ಫುಲ್ಲರ್ 1894ರಲ್ಲೇ ಪೇಟೆಂಟ್ ಪಡೆದಿದ್ದಳು. ಆಕೆ ಬೆಲ್ಲಿ ಡ್ಯಾನ್ಸರ್ ಅಲ್ಲ, ಆದರೆ ಐಸಿಸ್ ರೆಕ್ಕೆ ನಂಬಿರೋದು ಅದೇ ತತ್ವವನ್ನು. ವೇದಿಕೆಯ ಉಡುಪನ್ನು ಒಂದು ಯಂತ್ರದ ಹಾಗೆ ಯೋಚಿಸಿದ್ದಕ್ಕೆ ಇಂಜಿನಿಯರಿಂಗ್ ಓದೋ ನಾವು ಆಕೆಗೆ ಒಂದು ನಮಸ್ಕಾರ ಹೇಳಲೇಬೇಕು.

3. ಕಥೆ: ಅಸಾಯಾ

ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಈಜಿಪ್ಟಿನ ದಕ್ಷಿಣ ಭಾಗಕ್ಕೆ ಸಯೀದ್ ಅಂತಾರೆ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯೋದರಿಂದ ನಕ್ಷೆಯಲ್ಲಿ ಕೆಳಗಿದ್ದರೂ ಅದಕ್ಕೆ ಮೇಲಣ ಈಜಿಪ್ಟ್ ಎಂಬ ಹೆಸರು. ಅಲ್ಲಿನ ಗಂಡಸರ ಕೋಲಿನ ಆಟ ತಹ್ತೀಬ್. ಪ್ರಾಚೀನ ಕಾಲದಲ್ಲಿ ಕಾಳಗದ ವಿದ್ಯೆಯಾಗಿದ್ದದ್ದು ಈಗ ಮದುವೆ, ಜಾತ್ರೆಗಳಲ್ಲಿ ಮರ್ಯಾದೆಯಿಂದ ಆಡೋ ಆಟ. 2016ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಅದನ್ನು ಸೇರಿಸಿತು.

ಹೆಂಗಸರ ರಕ್ಸ್ ಅಲ್ ಅಸಾಯಾ ಈ ಆಟವನ್ನು ನೋಡಿ ತುಂಟತನದಿಂದ ಅಣಕಿಸೋ ನೃತ್ಯ. ಗಂಡಸರ ದಪ್ಪ ಕೋಲಿನ ಬದಲು ಹಗುರ ಬೆತ್ತ. ಹೊಡೆತದ ಬದಲು ತಿರುಗಣಿ. ಗತ್ತು ಮಾತ್ರ ಅದೇ. 1959ರಲ್ಲಿ ಮಹಮೂದ್ ರೆದಾ ಕೈರೋದಲ್ಲಿ ಕಟ್ಟಿದ ನೃತ್ಯ ತಂಡ ಇಂಥ ಪ್ರಾಂತೀಯ ನೃತ್ಯಗಳನ್ನು ದೊಡ್ಡ ವೇದಿಕೆಗೆ ತಂದಿತು. ಫರೀದಾ ಫಹ್ಮಿ ಅದರ ಮುಖ್ಯ ನರ್ತಕಿ. ಆಮೇಲಿನ ಪೀಳಿಗೆಯಲ್ಲಿ ಬೆತ್ತದ ಗತ್ತಿಗೆ ಫಿಫಿ ಅಬ್ದು ಹೆಸರಾದರು.

ಈಗ ಗೊತ್ತಾಯ್ತಲ್ಲ, ಬೆತ್ತ ಹಿಡಿದ ಕೂಡಲೇ ಒಂದಿಷ್ಟು ಜವಾಬ್ದಾರಿ ತಾನಾಗೇ ಬರುತ್ತೆ. ತಾಳ ಸಯೀದಿಯೇ ಆಗಬೇಕು. ಎಂಟು ಎಣಿಕೆಯಲ್ಲಿ ಹೇಳೋದಾದರೆ: ದುಂ ತೆಕ್ – ದುಂ ದುಂ – ತೆಕ್ –. ನಡುವಿನ ಆ ಜೋಡಿ ದುಂ ಅದರ ಗುರುತು. ಹೆಚ್ಚಿನ ಅರಬ್ ಹಾಡುಗಳಲ್ಲಿ ಕೇಳೋ ಮಕ್ಸೂಂ ತಾಳ ಇದರ ಅಣ್ಣತಮ್ಮನೇ, ಆದರೆ ಅಲ್ಲಿ ದುಂ ತೆಕ್ – ತೆಕ್ ದುಂ – ತೆಕ್ –. ಬೆಂಚಿನ ಮೇಲೆ ಎರಡನ್ನೂ ಬಡಿದು ನೋಡಿ, ಕಿವಿಗೆ ವ್ಯತ್ಯಾಸ ಸಿಗುತ್ತೆ. ಉಡುಪು ಉದ್ದನೆಯ ಗಲಾಬಿಯಾ, ಸೊಂಟಕ್ಕೆ ಕಟ್ಟಿದ ಬಟ್ಟೆ. ನಮ್ಮ ಕೋಲಾಟದ ಹಾಗೆ ಕೋಲಿಗೆ ಕೋಲು ಹೊಡೆದು ತಾಳ ಹಾಕೋದು ಇಲ್ಲಿಲ್ಲ; ಬೆತ್ತ ಗಾಳಿಯಲ್ಲಿ ಗೆರೆ ಎಳೆಯುತ್ತೆ, ಹೆಗಲೇರುತ್ತೆ, ತಲೆ ಮೇಲೆ ಅಡ್ಡ ಕೂರುತ್ತೆ.

ಆರಿಸೋಕೆ: ಹಗುರವಾದ ಬೆತ್ತ, ತುದಿಯಲ್ಲಿ ಕೊಕ್ಕೆ, ನೆಲಕ್ಕೂರಿ ನಿಲ್ಲಿಸಿದರೆ ಸೊಂಟದವರೆಗೆ, ಅಂದಾಜು 90 ಸೆಂಟಿಮೀಟರ್. ಗುರುತ್ವ ಕೇಂದ್ರ ಹುಡುಕೋ ಉಪಾಯ ನಿಮಗೆ ಗೊತ್ತಿರಬಹುದು. ಎರಡು ತೋರುಬೆರಳ ಮೇಲೆ ಬೆತ್ತ ಅಡ್ಡ ಇಟ್ಟು ಬೆರಳುಗಳನ್ನು ನಿಧಾನವಾಗಿ ಹತ್ತಿರ ತನ್ನಿ. ಹೆಚ್ಚು ಭಾರ ಬಿದ್ದ ಬೆರಳಲ್ಲಿ ಘರ್ಷಣೆ ಹೆಚ್ಚು, ಅದು ನಿಲ್ಲುತ್ತೆ; ಇನ್ನೊಂದು ಜಾರುತ್ತೆ. ಹೀಗೆ ಸರದಿಯಲ್ಲಿ ಜಾರುತ್ತಾ ಎರಡೂ ಸೇರೋ ಜಾಗವೇ ಗುರುತ್ವ ಕೇಂದ್ರ. ಕೊಕ್ಕೆ ಇರೋದರಿಂದ ಅದು ನಟ್ಟನಡುವೆ ಇರೋಲ್ಲ, ಕೊಕ್ಕೆಯ ಕಡೆ ಸರಿದಿರುತ್ತೆ. ಅಲ್ಲಿ ಒಂದು ತೆಳು ಟೇಪ್ ಸುತ್ತಿ. ತಲೆ ಮೇಲೆ ಇಡುವಾಗ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತೆ.

ತಿರುಗಿಸೋದರಲ್ಲೂ ಗಣಿತ ಇದೆ. ನೇರ ಕೋಲನ್ನು ನಡುವೆ ಹಿಡಿದು ತಿರುಗಿಸಿದರೆ ಮೊಮೆಂಟ್ ಆಫ್ ಇನರ್ಷಿಯಾ ಎಂಎಲ್ ಸ್ಕ್ವೇರ್ ಬೈ 12; ತುದಿಯಲ್ಲಿ ಹಿಡಿದರೆ ಬೈ 3. ನಾಲ್ಕು ಪಟ್ಟು! ತುದಿ ಹಿಡಿದರೆ ವೃತ್ತ ದೊಡ್ಡದು, ನೋಡೋಕೆ ಭರ್ಜರಿ, ಆದರೆ ಶುರು ಮಾಡೋಕೂ ನಿಲ್ಲಿಸೋಕೂ ಮಣಿಕಟ್ಟು ನಾಲ್ಕು ಪಟ್ಟು ದುಡಿಯಬೇಕು. ಹಾಗಾಗಿ ಮೊದಲ ವಾರ ನಡುವಿನ ಹತ್ತಿರ ಹಿಡಿದು ಅಭ್ಯಾಸ ಮಾಡಿ, ಆಮೇಲೆ ಕೈಯನ್ನು ತುದಿಗೆ ಸರಿಸುತ್ತಾ ಹೋಗಿ.

4. ಸ್ಥಿರತೆ: ಶಮಾದಾನ್ ಮತ್ತು ಕತ್ತಿ

ಶಮಾದಾನ್ ಅಂದ್ರೆ ತಲೆ ಮೇಲೆ ಹೊರೋ ಮೇಣದ ಬತ್ತಿಗಳ ದೀಪಗುಚ್ಛ. ಇದರ ಮನೆ ಈಜಿಪ್ಟಿನ ಮದುವೆ ಮೆರವಣಿಗೆ. ವಧೂವರರ ಮುಂದೆ ನರ್ತಕಿ ಬೆಳಕು ಹೊತ್ತು ನಡೀತಾಳೆ. ಶಫೀಕಾ ಅಲ್ ಕಿಬ್ತಿಯಾ, ಝೂಬಾ ಅಲ್ ಕ್ಲೋಬಾತಿಯಾ ಎಂಬ ಇಬ್ಬರು ಹಳೆಯ ನರ್ತಕಿಯರ ಹೆಸರು ಇದರ ಜೊತೆ ಕೇಳಿಬರುತ್ತೆ.

ಕತ್ತಿಯ ಕಥೆ ಬೇರೆ. ತಲೆ ಮೇಲೆ ಕತ್ತಿ ಹೊತ್ತ ನರ್ತಕಿಯ ಚಿತ್ರವನ್ನು ಯುರೋಪಿನಲ್ಲಿ ಜನಪ್ರಿಯ ಮಾಡಿದ್ದು 19ನೇ ಶತಮಾನದ ಫ್ರೆಂಚ್ ವರ್ಣಚಿತ್ರಕಾರ ಜೆರೋಮ್. ಮುಂದೆ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಕೊನೆಗೆ ಜಮೀಲಾ ಸಲಿಂಪೂರ್ ಕಟ್ಟಿದ ಬಲ್ ಅನತ್ ತಂಡ ಕತ್ತಿ ನೃತ್ಯವನ್ನು ವೇದಿಕೆಗೆ ತಂದು ಹರಡಿತು. ಅಂದರೆ ಇವತ್ತು ನಾವು ನೋಡೋ ಕತ್ತಿ ಸಮತೋಲನದ ದೊಡ್ಡ ಪಾಲು ಅಮೆರಿಕದ ಬೆಳೆ. ಅದರಲ್ಲಿ ತಪ್ಪೇನಿಲ್ಲ, ಅದನ್ನು "ಸಾವಿರಾರು ವರ್ಷದ ಈಜಿಪ್ಟಿನ ಸಂಪ್ರದಾಯ" ಅಂತ ಮೈಕಿನಲ್ಲಿ ಹೇಳೋದು ಮಾತ್ರ ತಪ್ಪು.

ಎರಡೂ ಮಾಡೋ ಕೆಲಸ ಒಂದೇ: ತಲೆ ಅಲುಗದೆ ಇದೆ ಅನ್ನೋದಕ್ಕೆ ಸಾಕ್ಷಿ ಹೇಳೋದು. ಕೆಳಗೆ ಸೊಂಟ ಎಷ್ಟೇ ನಡುಗಲಿ, ಮೇಲಿನ ದೀಪ ಅಲುಗೋಲ್ಲ. ದೇಹದ ಭಾಗಗಳ ಬೇರ್ಪಡಿಕೆ ಕೊನೆಯ ಸಾಲಿನ ಪ್ರೇಕ್ಷಕರಿಗೂ ಕಾಣೋ ಹಾಗೆ ಮಾಡೋ ಉಪಾಯ ಇದು.

ಕತ್ತಿ ಜಾರದಂತೆ ಹಿಡಿಯೋದು ಘರ್ಷಣೆ. ಘರ್ಷಣಾಂಕ 0.3 ಇದ್ದರೆ ಸುಮಾರು 17 ಡಿಗ್ರಿ ವಾಲಿದಾಗ ಜಾರುತ್ತೆ, 0.6 ಮಾಡಿಕೊಂಡರೆ 31 ಡಿಗ್ರಿವರೆಗೆ ತಡೆಯುತ್ತೆ. ನರ್ತಕಿಯರು ಕತ್ತಿ ತಾಗೋ ಜಾಗಕ್ಕೆ ಜೇನುಮೇಣ ಹಚ್ಚೋದು, ತಲೆಗೆ ಬಟ್ಟೆ ಕಟ್ಟೋದು ಇದಕ್ಕೇ. ಆಗಷ್ಟೇ ಶ್ಯಾಂಪೂ ಹಾಕಿದ ನುಣುಪು ಕೂದಲು ಇಲ್ಲಿ ಶತ್ರು. ಇನ್ನೊಂದು ಮಾತು: ಉದ್ದನೆಯ ಕತ್ತಿ ತನ್ನ ದಿಕ್ಕನ್ನು ಬೇಗ ಬದಲಿಸೋಲ್ಲ. ನೀವು ಗಕ್ಕನೆ ತಿರುಗಿದರೆ ತಲೆ ತಿರುಗುತ್ತೆ, ಕತ್ತಿ ಹಳೆಯ ದಿಕ್ಕಿನಲ್ಲೇ ಉಳಿಯುತ್ತೆ. ನಿಧಾನವಾಗಿ ಶುರು ಮಾಡಿ, ನಿಧಾನವಾಗಿ ನಿಲ್ಲಿಸಿ.

ಸುರಕ್ಷತೆಯಲ್ಲಿ ರಾಜಿ ಇಲ್ಲ

ಕತ್ತಿಗೆ ಹರಿತ ಇರಬಾರದು. ಬೀಳ್ತಿರೋ ಕತ್ತಿಯನ್ನು ಹಿಡಿಯೋಕೆ ಹೋಗಬೇಡಿ. ಹಿಂದೆ ಸರಿಯಿರಿ, ಬೀಳಲಿ. ನಿಜವಾದ ಬೆಂಕಿಗೆ ಆಡಿಟೋರಿಯಮ್ಮಿನವರ ಲಿಖಿತ ಅನುಮತಿ ಬೇಕು. ಇಲ್ಲದಿದ್ದರೆ ಎಲ್‌ಇಡಿ ಬತ್ತಿ ಸಾಕು. ಬೆಂಕಿ ಮತ್ತು ವೇಲ್ ಒಂದೇ ವೇದಿಕೆಯಲ್ಲಿ ಬೇಡವೇ ಬೇಡ. ಬೆತ್ತಕ್ಕೆ ಜಾಗ ಲೆಕ್ಕ ಹಾಕಿ: ತೋಳು ಸುಮಾರು 0.7 ಮೀಟರ್, ಬೆತ್ತ 0.9 ಮೀಟರ್. ಅಂದ್ರೆ ಪ್ರತಿಯೊಬ್ಬರ ಸುತ್ತ 1.6 ಮೀಟರ್ ಖಾಲಿ ಇರಬೇಕು. ಆರು ಜನರ ತಂಡಕ್ಕೆ ನಿಮ್ಮ ವೇದಿಕೆ ಸಾಕಾಗುತ್ತಾ ಅಂತ ಟೇಪ್ ಹಿಡಿದು ಅಳೆಯಿರಿ.

ಆರಿಸೋ ಕ್ರಮ

ಮೊದಲು ಹಾಡು, ಆಮೇಲೆ ಜಾಗ, ಆಮೇಲೆ ಉಡುಪು, ಕೊನೆಗೆ ಪ್ರಾಪ್. ಉಲ್ಟಾ ಹೋದರೆ ಬೆತ್ತ ತಂದ ತಪ್ಪಿಗೆ ಯಾವುದೋ ಹಾಡಿಗೆ ಅದನ್ನು ತುರುಕಬೇಕಾಗುತ್ತೆ. ಒಂದು ನೃತ್ಯಕ್ಕೆ ಒಂದೇ ಪ್ರಾಪ್ ಸಾಕು. ಅದನ್ನು ಎಲ್ಲಿ ಎತ್ತಿಕೊಳ್ತೀರಿ, ಎಲ್ಲಿ ಇಡ್ತೀರಿ ಅನ್ನೋದೂ ನೃತ್ಯದ ಭಾಗ. ಆ ಎರಡು ಜಾಗಕ್ಕೂ ಎಣಿಕೆ ಗೊತ್ತುಮಾಡಿ.

ನಾಲ್ಕು ವಾರ ಇದ್ದರೆ ಹೀಗೆ ಹಂಚಿಕೊಳ್ಳಿ. ಮೊದಲ ವಾರ ಬರಿಗೈಯಲ್ಲಿ ಪೂರ್ತಿ ನೃತ್ಯ. ಎರಡನೇ ವಾರ ಬರೀ ಪ್ರಾಪ್, ಹೆಜ್ಜೆ ಇಲ್ಲದೆ. ಮೂರನೇ ವಾರ ಎರಡೂ ಸೇರಿಸಿ, ಅರ್ಧ ವೇಗದಲ್ಲಿ. ನಾಲ್ಕನೇ ವಾರ ಪೂರ್ತಿ ವೇಗ, ಪೂರ್ತಿ ಉಡುಪು. ನಡುನಡುವೆ ಬೇಕಂತಲೇ ಬೀಳಿಸಿ. ಬೆತ್ತ ಬಿದ್ದರೆ ಮುಂದಿನ ದುಂಗೆ ಬಗ್ಗಿ ಎತ್ತಿಕೊಳ್ಳಬೇಕಾ, ಅಲ್ಲೇ ಬಿಟ್ಟು ಬರಿಗೈಯಲ್ಲಿ ಮುಗಿಸಬೇಕಾ ಅಂತ ಮೊದಲೇ ನಿರ್ಧಾರ ಆಗಿರಲಿ. ಮೊದಲ ವಾರದ ಬರಿಗೈ ಅಭ್ಯಾಸ ಆಗ ಕೈ ಹಿಡಿಯುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಬೆತ್ತ ಡೊಂಕು ಅನ್ನೋ ಹಾಗಾಗಬಾರದು.

ಇಷ್ಟೆಲ್ಲ ಯಾಕೆ?

ಹಿಂದಿನ ಬೆಂಚಿನ ನಗುವಿನ ವಿಷಯಕ್ಕೆ ಬರೋಣ. 1834ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಬೀದಿ ನರ್ತಕಿಯರನ್ನು ಕೈರೋದಿಂದ ದಕ್ಷಿಣದ ಊರುಗಳಿಗೆ ಹೊರಗಟ್ಟಿದ. ಅದೇ ಶತಮಾನದಲ್ಲಿ ಯುರೋಪಿನ ಚಿತ್ರಕಾರರು ಅವರನ್ನು ತಮ್ಮ ಕನಸಿನ ಅಂತಃಪುರದ ಗೊಂಬೆಗಳನ್ನಾಗಿ ಬರೆದರು. ಮನೆಯವರು ಹೊರಗೆ ಹಾಕಿದರು, ಹೊರಗಿನವರು ಬೊಂಬೆ ಮಾಡಿದರು. ಇಷ್ಟಾದರೂ ಮದುವೆ ಮನೆಗೆ ಬೆಳಕು ಹೊತ್ತು ನಡೆದವರು ಆ ನರ್ತಕಿಯರೇ. ಒಂದು ಕಲೆಯನ್ನು ಎರವಲು ತಂದು ಮಿನುಗೋ ಬಟ್ಟೆ, ಹೊಳೆಯೋ ಕತ್ತಿ ಅಂತ ಬರೀ ಆಡಂಬರವಾಗಿ ತೋರಿಸಿದರೆ ಆ ಬೊಂಬೆಯಾಟವನ್ನೇ ನಾವೂ ಮುಂದುವರಿಸಿದ ಹಾಗೆ. ಆಗ ನಗೋನು ನಗುತ್ತಾನೆ, ವೇದಿಕೆ ಮೇಲಿರೋ ನಮ್ಮ ಗೆಳತಿ ಅದನ್ನು ಎದುರಿಸಬೇಕಾಗುತ್ತೆ. ಬೆತ್ತ ಎಲ್ಲಿಯದು, ಯಾರನ್ನು ಅಣಕಿಸ್ತಿದೆ ಅಂತ ತಿಳಿದು ಕುಣಿದರೆ ಪ್ರೇಕ್ಷಕರ ಕಣ್ಣು ಬೆತ್ತದ ಆಟದ ಕಡೆ ಹೋಗುತ್ತೆ.

ಇದಕ್ಕೆ ನಿರೂಪಕರ ಸಹಾಯ ಬೇಕು. "ಅರೇಬಿಯನ್ ನೈಟ್ಸ್ ಐಟಂ" ಅಂತ ಕೂಗೋದರ ಬದಲು ಎರಡೇ ಸಾಲು ಬರೆದುಕೊಡಿ: "ಈಗ ಮೇಲಣ ಈಜಿಪ್ಟಿನ ಸಯೀದಿ ಬೆತ್ತದ ನೃತ್ಯ. ಗಂಡಸರ ಕೋಲಿನ ಆಟವನ್ನು ಹೆಂಗಸರು ನಗುತ್ತಾ ಅಣಕಿಸೋದು ಇದರ ಸ್ವಾರಸ್ಯ." ಹತ್ತು ಸೆಕೆಂಡಿನ ಕೆಲಸ.

ಕೊನೆಗೆ ಹೋಂವರ್ಕ್. ಈ ವಾರ ನಿಮ್ಮ ತಂಡದ ನೃತ್ಯವನ್ನು ಒಮ್ಮೆ ಪ್ರಾಪ್ ಹಿಡಿದು, ಒಮ್ಮೆ ಕೆಳಗಿಟ್ಟು, ಫೋನಿನಲ್ಲಿ ಎರಡನ್ನೂ ಚಿತ್ರೀಕರಿಸಿ. ತಂಡದಲ್ಲಿಲ್ಲದ ಒಬ್ಬರಿಗೆ ತೋರಿಸಿ, ಎರಡನೆಯದರಲ್ಲಿ ಏನು ಕಡಿಮೆಯಾಯ್ತು ಅಂತ ಕೇಳಿ. ಅವರು ಥಟ್ಟನೆ ಉತ್ತರ ಹೇಳಿದರೆ ಪ್ರಾಪ್ ಇಟ್ಟುಕೊಳ್ಳಿ. ಯೋಚಿಸ್ತಾ ನಿಂತರೆ ಅದನ್ನು ಸ್ಟೋರ್ ರೂಮಿಗೆ ಕಳಿಸಿ, ಆ ಹೊತ್ತನ್ನು ಹೆಜ್ಜೆಗೆ ಕೊಡಿ.